ವಾರ್ಡಿನಿಂದ ದಿಲ್ಲಿಗೆ: ಜಾರ್ಜ್ ನಡೆದ ದಾರಿ ಈಗಲೂ ಇದೆಯಾ?

ಡೊಂಬಿವಿಲಿಯಿಂದ ಓದುಗರೊಬ್ಬರು ಕೇಳಿದ್ದಾರೆ: "ನನ್ನ ಸೋದರಮಾವ 60ರ ದಶಕದಲ್ಲಿ ಫೋರ್ಟ್‌ನ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಜಾರ್ಜ್ ಫರ್ನಾಂಡಿಸ್ ಹೆಸರೆತ್ತಿದರೆ ಈಗಲೂ ಅವರ ಗಂಟಲು ಕಟ್ಟುತ್ತದೆ. ಬರೀ ಒಬ್ಬ ಕಾರ್ಪೊರೇಟರ್ ಆಗಿದ್ದವರು ಎಸ್.ಕೆ. ಪಾಟೀಲರಂಥ ಕೇಂದ್ರ ಮಂತ್ರಿಯನ್ನು ಸೋಲಿಸಿದ್ದು ಹೇಗೆ? ಮುಂಬಯಿ ಕನ್ನಡಿಗರ ಓಟಿನಿಂದಲೇ ಗೆದ್ದರು ಅಂತ ಮಾವ ಹೇಳುತ್ತಾರೆ, ನಿಜವಾ? ನನಗೂ ಪಾಲಿಕೆ ಚುನಾವಣೆಗೆ ನಿಲ್ಲುವ ಆಸೆ ಇದೆ. ಆ ದಾರಿ ಈಗಲೂ ಇದೆಯಾ? ಇನ್ನೊಂದು ಸಣ್ಣ ಪ್ರಶ್ನೆ. ನಾನು ದಿನಾ ಆಫೀಸಿಗೆ ಹೋಗುವ ಪಿ. ಡಿಮೆಲ್ಲೊ ರಸ್ತೆಯ ಹೆಸರು ನಮ್ಮ ಕಡೆಯವರದ್ದಂತೆ, ಹೌದಾ?"

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ಆ ರಸ್ತೆಯಲ್ಲೇ ಇದೆ.

ಹೌದು, ಪ್ಲಾಸಿಡ್ ಡಿಮೆಲ್ಲೊ ನಮ್ಮ ಕರಾವಳಿಯವರೇ. ಬಂದರಿನ ಪಕ್ಕದ ಆ ರಸ್ತೆಗೆ ಮೊದಲು ಫ್ರೇರ್ ರೋಡ್ ಅಂತ ಬ್ರಿಟಿಷರ ಹೆಸರಿತ್ತು. ಡಿಮೆಲ್ಲೊ ಡಕ್ಕೆಯ ಕೂಲಿಗಳನ್ನು ಒಟ್ಟುಮಾಡಿ ಯೂನಿಯನ್ ಕಟ್ಟಿದರು. ಹಡಗಿನಿಂದ ಮೂಟೆ ಇಳಿಸುವವನಿಗೆ ಆಗ ಇವತ್ತು ಕೆಲಸ, ನಾಳೆ ಇಲ್ಲ. ಮುಕಾದಮ ಬೆರಳು ತೋರಿಸಿದವನಿಗೆ ಮಾತ್ರ ಆ ದಿನದ ಅನ್ನ. ಡಿಮೆಲ್ಲೊ ಈ ಪದ್ಧತಿಯ ವಿರುದ್ಧವೇ ನಿಂತರು. 1958ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಆಮೇಲೆ ಅವರ ಕೆಲಸ ಹೊತ್ತವರಲ್ಲಿ ಮುಖ್ಯರಾದವರು ಅವರ ಶಿಷ್ಯ ಜಾರ್ಜ್. ಆಗ ಜಾರ್ಜ್‌ಗೆ ಸುಮಾರು 28 ವರ್ಷ.

ಆ ಹುಡುಗ ಮುಂಬಯಿಗೆ ಬಂದ ಕಥೆ ನಿಮ್ಮ ಮಾವ ಹೇಳಿಯೇ ಇರುತ್ತಾರೆ. ಚಿಕ್ಕದಾಗಿ ಹೇಳಿಬಿಡುತ್ತೇನೆ. 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದವರು. ಮನೆಮಾತು ಕೊಂಕಣಿ. ಪಾದ್ರಿ ಆಗಲಿ ಅಂತ ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ದೊಡ್ಡ ಪಾದ್ರಿಗಳಿಗೆ ಬೇರೆ ಮೇಜು, ಬೇರೆ ಊಟ. ಹುಡುಗರಿಗೆ ಬೇರೆ. ಅದು ಇವರಿಗೆ ಸರಿಬರಲಿಲ್ಲ. ಬಿಟ್ಟು ಬಂದರು. 1949ರಲ್ಲಿ ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದರು. ನಡುರಾತ್ರಿ ಪೊಲೀಸರು ಎಬ್ಬಿಸಿ ಓಡಿಸುತ್ತಿದ್ದರಂತೆ. ಒಂದು ಪತ್ರಿಕೆಯಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಡಿಮೆಲ್ಲೊ ಸಿಕ್ಕರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾರ ಮಾತು ಕಿವಿಗೆ ಬಿತ್ತು. ಅಷ್ಟೇ, ಮುಂದಿನ ಬದುಕಿನ ದಾರಿ ಸಿಕ್ಕಿತು.

ಮಾವ ಹೇಳುವುದರಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು. "ಮುಂಬಯಿ ಕನ್ನಡಿಗರ ಓಟಿನಿಂದ ಗೆದ್ದರು" ಅನ್ನುವುದು ನಮಗೆ ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ ಕೂಡುವುದಿಲ್ಲ. ನಾನು ಮೂವತ್ತು ವರ್ಷಕ್ಕಿಂತ ಜಾಸ್ತಿ ಇಲ್ಲಿನ ಕನ್ನಡ ಪತ್ರಿಕೆಗಳಿಗೆ ಪಾಲಿಕೆಯ ಸುದ್ದಿ ಬರೆದವನು. ನಮ್ಮವರು ಓಟು ಹಾಕಿ ಒಬ್ಬರನ್ನು ಗೆಲ್ಲಿಸಿದ ವಾರ್ಡುಗಳನ್ನು ಬೆರಳಲ್ಲಿ ಎಣಿಸಬಹುದು. ದಕ್ಷಿಣ ಮುಂಬಯಿಯಂಥ ಲೋಕಸಭಾ ಕ್ಷೇತ್ರದಲ್ಲಿ ಅದು ನಡೆಯುವ ಮಾತಲ್ಲ. ಹೋಟೆಲ್ ಮಾಣಿಗಳಲ್ಲಿ ಎಷ್ಟೋ ಮಂದಿಯ ಹೆಸರು ಇಲ್ಲಿನ ಓಟರ್ ಲಿಸ್ಟಿನಲ್ಲೇ ಇರಲಿಲ್ಲ. ರೇಷನ್ ಕಾರ್ಡೇ ಇಲ್ಲದವನಿಗೆ ಓಟು ಎಲ್ಲಿಂದ?

ಆದರೆ ಆ ಹುಡುಗರು ಬೇರೆ ಒಂದು ಕೊಟ್ಟರು. ಅದನ್ನು ಹೇಳಲು ನನ್ನ ದೊಡ್ಡಮ್ಮನ ಮಗನ ವಿಷಯ ಎತ್ತಲೇಬೇಕು.

ಅವನೂ ನಿಮ್ಮ ಮಾವನ ಹಾಗೆ ಫೋರ್ಟ್ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ ಇದ್ದ. ಕಪ್ಪು ಬಶಿ ತೊಳೆಯುವುದರಿಂದ ಶುರು ಮಾಡಿ ಸಪ್ಲಾಯರ್ ಆದವನು. ಬೆಳಿಗ್ಗೆ ನಾಲ್ಕಕ್ಕೆ ಏಳುವುದು. ರಾತ್ರಿ ಗಿರಾಕಿ ಹೋದ ಮೇಲೆ ಎರಡು ಮೇಜು ಜೋಡಿಸಿ ಅದರ ಮೇಲೆಯೇ ಮಲಗುವುದು. ಸಂಬಳ ಸೇಠರ ಬಳಿಯೇ ಜಮಾ. ಊರಿಗೆ ಹೋಗುವಾಗ ಲೆಕ್ಕ. ಆ ಲೆಕ್ಕದಲ್ಲಿ ಒಡೆದ ಗ್ಲಾಸು, ತೆಗೆದುಕೊಂಡ ಮುಂಗಡ ಎಲ್ಲ ಕಳೆದು ಉಳಿದದ್ದು ಕೈಗೆ. ಸೇಠ್ ಕೆಟ್ಟವರೇನಲ್ಲ. ಅವರೂ ಹಾಗೆಯೇ ಮೇಜಿನ ಮೇಲೆ ಮಲಗಿ ಮೇಲೆ ಬಂದವರು. ಆದರೆ ಅವರು ಊರಿನವರು, ಜಾತಿಯವರು, ಕೆಲಸ ಕೊಟ್ಟವರು. ಅವರೆದುರು ಬಾಯಿ ಬಿಡುವುದು ಹೇಗೆ? ನಮ್ಮವರ ಕೆಳಗೆ ನಮ್ಮವರು ದುಡಿಯುವಾಗಿನ ಕಷ್ಟ ಅದು.

ಅಲ್ಲಿಗೆ ಯೂನಿಯನ್ ಬಂತು. ಅಣ್ಣ ಹೇಳುತ್ತಿದ್ದ, "ಮುಂದಿನ ಬಾಗಿಲಿನಿಂದ ಬಂದವರು ಸೇಠರ ಹತ್ತಿರ ಮಾತಾಡುತ್ತಾರೆ, ಜಾರ್ಜ್ ಹಿಂದಿನ ಬಾಗಿಲಿನಿಂದ ಬಂದ." ತುಳುವಿನವನ ಹತ್ತಿರ ತುಳು, ಕುಂದಾಪುರದವನ ಹತ್ತಿರ ಕನ್ನಡ, ತನ್ನೂರಿನ ಕ್ರಿಶ್ಚಿಯನ್ ಹುಡುಗನ ಹತ್ತಿರ ಕೊಂಕಣಿ. ಕಸಗುಡಿಸುವವನು ಬಂದರೆ ಮರಾಠಿ. ಹತ್ತು ಭಾಷೆ ಬರುತ್ತಿತ್ತು ಅಂತ ಅವರ ಬಗ್ಗೆ ಬರೆದವರೆಲ್ಲ ಹೊಗಳುತ್ತಾರೆ. ಅದು ಅಲಂಕಾರಕ್ಕೆ ಕಲಿತ ವಿದ್ಯೆಯಲ್ಲ. ಮುಂಬಯಿಯಲ್ಲಿ ಕೆಲಸಗಾರರನ್ನು ಒಟ್ಟು ಮಾಡಬೇಕಾದರೆ ಅದೇ ಹತ್ಯಾರು. ಅಣ್ಣನ ತಗಡಿನ ಟ್ರಂಕಿನಲ್ಲಿ ಯೂನಿಯನ್ ಚಂದಾದ ರಸೀದಿ ಇತ್ತು. 25 ನಯಾಪೈಸೆ. ಮಡಿಸಿ ಮಡಿಸಿ ಅಕ್ಷರ ಅಳಿಸಿ ಹೋಗಿತ್ತು. ಅದನ್ನು ಅಮ್ಮನ ಫೋಟೋದ ಹಿಂದೆ ಇಟ್ಟುಕೊಂಡಿದ್ದ.

ಹೋಟೆಲ್ ಮಾತ್ರವಲ್ಲ. ಟ್ಯಾಕ್ಸಿಯವರು, ಪಾಲಿಕೆಯ ಕೆಲಸಗಾರರು, ಬೆಸ್ಟ್ ಬಸ್ಸಿನವರು, ಡಕ್ಕೆಯವರು. ಇವರೆಲ್ಲರ ಯೂನಿಯನ್ನುಗಳಿಗೂ ಜಾರ್ಜ್‌ಗೂ ಹತ್ತಿರದ ನಂಟು. ಈಗ ಈ ಪಟ್ಟಿಯನ್ನೇ ಸ್ವಲ್ಪ ಬೇರೆ ಥರ ನೋಡಿ. ಊರಿನ ಕಸ ಯಾರ ಕೈಯಲ್ಲಿ? ಊರಿನ ಬಸ್ಸು? ಟ್ಯಾಕ್ಸಿ? ಚಹಾ, ತಿಂಡಿ? ಬಂದರು? ಈ ಐದು ನಿಂತರೆ ಮುಂಬಯಿ ನಿಂತ ಹಾಗೆಯೇ. ಪತ್ರಿಕೆಗಳು ಅವರನ್ನು "ಬಂದ್ ಸಾಮ್ರಾಟ" ಅಂದದ್ದು ಸುಮ್ನೆ ಅಲ್ಲ. ಮಧ್ಯಮವರ್ಗದವರು ಅವರನ್ನು ಬೈದದ್ದೂ ಸುಮ್ನೆ ಅಲ್ಲ. ಕಚರಾ ಎತ್ತದೆ ವಾರವಾದ ಓಣಿಯಲ್ಲಿ ನಿಂತು ಯಾರು ತಾನೇ ಕಾರ್ಮಿಕರ ಹಕ್ಕಿನ ಬಗ್ಗೆ ಯೋಚನೆ ಮಾಡುತ್ತಾರೆ?

ಈಗ ಕಾರ್ಪೊರೇಟರ್ ವಿಷಯ. 1961ರಲ್ಲಿ ಜಾರ್ಜ್ ಮುಂಬಯಿ ಮಹಾನಗರಪಾಲಿಕೆಗೆ ಆಯ್ಕೆಯಾದರು. 1968ರವರೆಗೆ ಇದ್ದರು. ನಿಮ್ಮ ಪ್ರಶ್ನೆಯಲ್ಲಿ "ಬರೀ ಒಬ್ಬ ಕಾರ್ಪೊರೇಟರ್" ಅಂದಿದ್ದೀರಿ. ಅಧಿಕಾರದ ಲೆಕ್ಕದಲ್ಲಿ ಸರಿ. ಮುಂಬಯಿ ಪಾಲಿಕೆ ಇವತ್ತಿಗೂ ನಡೆಯುವುದು 1888ರ ಕಾನೂನಿನ ಮೇಲೆ. ಅದರಲ್ಲಿ ಕೆಲಸ ಮಾಡಿಸುವ ಅಧಿಕಾರವೆಲ್ಲ ಕಮಿಷನರ್ ಕೈಯಲ್ಲಿ. ಕಮಿಷನರನ್ನು ಕಳಿಸುವುದು ರಾಜ್ಯ ಸರಕಾರ. ಮೇಯರ್ ಕೂಡ ಹೆಚ್ಚಾಗಿ ಸಭೆಯ ಗೌರವಕ್ಕೆ, ಸ್ವಾಗತಕ್ಕೆ. ನಗರಸೇವಕನಿಗೆ, ಅಂದರೆ ಕಾರ್ಪೊರೇಟರಿಗೆ, ಇರುವುದು ಮೂರೇ: ಕೇಳುವ ಬಾಯಿ, ಕಾಗದ ನೋಡುವ ಹಕ್ಕು, ಬಜೆಟಿಗೆ ಕೈ ಎತ್ತುವ ಅವಕಾಶ. ಸ್ಥಾಯಿ ಸಮಿತಿ ಸಿಕ್ಕಿದರೆ ಟೆಂಡರಿನ ಮೇಲೂ ಹಿಡಿತ. ಅದರ ಕಥೆ ಇನ್ನೊಂದು ದಿನ ಹೇಳುತ್ತೇನೆ, ಅದು ಬೇರೆಯೇ ಪುರಾಣ.

ಆದರೆ ಜಾರ್ಜ್‌ಗೆ ಆ ಕುರ್ಚಿ ಬೇರೆ ಥರ ಉಪಯೋಗಕ್ಕೆ ಬಂತು. ಪಾಲಿಕೆ ಅಂದರೆ ನಮಗೆ ನೀರು, ಗಟಾರ, ರಸ್ತೆ. ಅವರಿಗೆ ಅದು ಊರಿನ ದೊಡ್ಡ ಮಾಲೀಕ. ಕಸಗುಡಿಸುವವರು, ಗಟಾರ ಇಳಿಯುವವರು, ಕೆಇಎಂ, ನಾಯರ್, ಸಯನ್ ಆಸ್ಪತ್ರೆಗಳ ವಾರ್ಡ್‌ಬಾಯ್‌ಗಳು, ಶಾಲೆಯ ಸಿಪಾಯಿಗಳು, ಎಲ್ಲರೂ ಪಾಲಿಕೆಯ ಪಗಾರದವರು. 1947ರಿಂದ ಬಸ್ಸು, ಕರೆಂಟು ಎರಡನ್ನೂ ನಡೆಸುವ ಬೆಸ್ಟ್ ಕೂಡ ಪಾಲಿಕೆಯದ್ದೇ. ಅಂದರೆ ಹೊರಗೆ ಮೈದಾನದಲ್ಲಿ ಈ ಮಾಲೀಕನ ವಿರುದ್ಧ ಹರತಾಳದ ಭಾಷಣ. ಒಳಗೆ, ವಿ.ಟಿ. ಸ್ಟೇಷನ್ (ಈಗಿನ ಸಿ.ಎಸ್.ಎಂ.ಟಿ.) ಎದುರಿನ ಆ ಗೋಪುರದ ಕಟ್ಟಡದಲ್ಲಿ, ಅದೇ ಮಾಲೀಕನ ಸಭೆಯಲ್ಲಿ ಕೂತು ಲೆಕ್ಕ ಕೇಳುವುದು. ಇವತ್ತು ಯಾರಾದರೂ ಹೀಗೆ ಮಾಡಿದರೆ ಎರಡು ದೋಣಿಯಲ್ಲಿ ಕಾಲು ಅನ್ನುತ್ತೇವೆ. ಆಗಲೂ ಅಂದರು. ಅವರು ಎರಡೂ ದೋಣಿ ನಡೆಸಿದರು.

ಇದರಿಂದ ಆದ ಲಾಭ ಮತ್ತೊಂದು. ಯೂನಿಯನ್ ನಾಯಕನನ್ನು ಪತ್ರಕರ್ತರು ಹರತಾಳವಾದಾಗ ಮಾತ್ರ ಹುಡುಕುತ್ತಾರೆ. ನಗರಸೇವಕ ಸಭೆಯಲ್ಲಿ ಎದ್ದು ನಿಂತರೆ ಮರುದಿನ ಪೇಪರಿನಲ್ಲಿ ಹೆಸರು. ಆರು ವರ್ಷ ಹೀಗೆ ಹೆಸರು ಬಂತು. ಹರತಾಳದಲ್ಲಿ ಬೈದವರೇ ಪಾಲಿಕೆಯ ಸುದ್ದಿ ಓದಿ "ಕೇಳಿದ್ದು ಸರಿ ಇದೆ" ಅಂದರು.

1967 ಬಂತು. ದಕ್ಷಿಣ ಮುಂಬಯಿಯಲ್ಲಿ ಸದೋಬಾ ಪಾಟೀಲರ ಎದುರು ಯಾರು?

ಪಾಟೀಲ್ ಯಾರೆಂದು ಈಗಿನವರಿಗೆ ಗೊತ್ತಿಲ್ಲ. ಮೂರು ಸಲ ಮುಂಬಯಿಯ ಮೇಯರ್. ಅಂದರೆ ಅವರೂ ಅದೇ ಪಾಲಿಕೆಯಿಂದ ಮೇಲೆ ಹೋದವರೇ, ಇದನ್ನು ಮರೆಯಬೇಡಿ. ಮುಂಬಯಿ ಕಾಂಗ್ರೆಸ್ ಅಂದರೆ ಪಾಟೀಲ್. ಪಕ್ಷಕ್ಕೆ ಹಣ ಕೂಡಿಸುವುದು ಪಾಟೀಲ್. ಜನ ಅವರನ್ನು ಮುಂಬಯಿಯ ಕಿರೀಟವಿಲ್ಲದ ರಾಜ ಅನ್ನುತ್ತಿದ್ದರು. ಆ ಚುನಾವಣೆ ಹೊತ್ತಿಗೆ ಕೇಂದ್ರದಲ್ಲಿ ರೈಲ್ವೆ ಮಂತ್ರಿ. 1952ರಿಂದ ಗೆದ್ದವರು, ಸೋಲು ಅನ್ನುವುದೇ ಗೊತ್ತಿಲ್ಲದವರು.

ಒಂದು ಕಥೆ ಈ ಊರಿನಲ್ಲಿ ಎಲ್ಲರಿಗೂ ಬಾಯಿಪಾಠ. ಪಾಲಿಕೆಯ ಸದಸ್ಯನೊಬ್ಬ ನಿಮ್ಮ ಎದುರು ನಿಲ್ಲುತ್ತಾನಂತೆ ಅಂತ ಪತ್ರಕರ್ತರು ಕೇಳಿದಾಗ, ದೇವರೇ ಬಂದರೂ ನನ್ನನ್ನು ಸೋಲಿಸಲಾರ ಅನ್ನುವ ಅರ್ಥದ ಮಾತು ಪಾಟೀಲರ ಬಾಯಿಂದ ಬಂತಂತೆ. ಜಾರ್ಜ್ ಕಡೆಯವರು ಅದನ್ನೇ ಹಿಡಿದರು. ಮರುದಿನದಿಂದ ಗೋಡೆಗಳ ಮೇಲೆ ಪೋಸ್ಟರು: ಪಾಟೀಲರನ್ನು ನೀವು ಸೋಲಿಸಬಹುದು.

ಆ ಮಾತನ್ನು ಇನ್ನೊಂದು ಸಲ ಓದಿ. "ಜಾರ್ಜ್‌ಗೆ ಓಟು ಕೊಡಿ" ಅಂತ ಅದರಲ್ಲಿ ಇಲ್ಲ. "ನಾನು ಸೋಲಿಸುತ್ತೇನೆ" ಅಂತಲೂ ಇಲ್ಲ. "ನೀವು." ಆಗತಾನೇ ರೇಷನ್ ಅಂಗಡಿ ಎದುರು ಕ್ಯೂ ನಿಂತು ಸುಸ್ತಾದ ಜನ. 1965, 1966 ಎರಡೂ ವರ್ಷ ಬರ, ಅಕ್ಕಿ ಗೋಧಿ ತುಟ್ಟಿ. ಅಂಥ ಗುಮಾಸ್ತ ಆ ಪೋಸ್ಟರನ್ನು ದಿನಾ ಓದುತ್ತಾ ಚರ್ಚ್‌ಗೇಟಿನಿಂದ ಆಫೀಸಿಗೆ ನಡೆದರೆ, ಹತ್ತನೆಯ ದಿನ ಅವನಿಗೂ ಅನ್ನಿಸುತ್ತದೆ, ಸೋಲಿಸಿದರೆ ಹೇಗೆ? ಎಷ್ಟೋ ಚುನಾವಣೆ ನೋಡಿದ್ದೇನೆ, ಇಷ್ಟು ಜಾಣತನದ ಗೋಡೆಬರಹ ಮತ್ತೆ ನೋಡಲಿಲ್ಲ.

ಅದನ್ನು ಅಂಟಿಸಿದವರು ಯಾರು? ಅಲ್ಲಿ ನಿಮ್ಮ ಮಾವ ಬರುತ್ತಾರೆ, ನನ್ನ ಅಣ್ಣ ಬರುತ್ತಾನೆ. ಓಟು ಇಲ್ಲದ ಹುಡುಗರು. ರಾತ್ರಿ ಹನ್ನೊಂದಕ್ಕೆ ಹೋಟೆಲ್ ಮುಚ್ಚಿದ ಮೇಲೆ ಅಡುಗೆಮನೆಯ ಮೈದಾವನ್ನೇ ನೀರಲ್ಲಿ ಕುದಿಸಿ ಅಂಟು ಮಾಡಿಕೊಳ್ಳುತ್ತಿದ್ದರಂತೆ. ಸೇಠರಿಗೆ ಮೈದಾ ಖರ್ಚಾದದ್ದು ಗೊತ್ತು, ಕೇಳುವ ಧೈರ್ಯ ಇಲ್ಲ. ಬಕೆಟ್ಟು, ಪೊರಕೆ ಹಿಡಿದು ಕಾಲ್ಬಾದೇವಿ, ಗಿರಗಾಂವ್ ಸುತ್ತಿ ನಾಲ್ಕು ಗಂಟೆಗೆ ವಾಪಸ್ ಬಂದು ನೇರ ಇಡ್ಲಿ ಹಿಟ್ಟಿನ ಹತ್ತಿರ. "ಆ ತಿಂಗಳು ನಾನು ಮಲಗಿದ್ದೇ ನೆನಪಿಲ್ಲ" ಅನ್ನುತ್ತಿದ್ದ ಅಣ್ಣ. ಟ್ಯಾಕ್ಸಿಯವರು ಗಿರಾಕಿಗಳ ಕಿವಿಗೆ ಹಾಕಿದರು. ಕಚರಾ ಎತ್ತುವವರು ಮನೆಮನೆ ಬಾಗಿಲಲ್ಲಿ ಹೇಳಿದರು. ಪಾಟೀಲರ ಕಡೆ ದುಡ್ಡಿತ್ತು, ಕಾರಿತ್ತು. ಇವರ ಕಡೆ ಪ್ರತಿ ಓಣಿಯಲ್ಲೂ ಬೆಳಿಗ್ಗೆ ಹೇಗಿದ್ದರೂ ಕೆಲಸಕ್ಕೆ ಹೋಗುವ ಒಬ್ಬ ಮನುಷ್ಯ ಇದ್ದ.

ಜಾರ್ಜ್ ಗೆದ್ದರು. ಸುಮಾರು ಶೇಕಡ 48ರಷ್ಟು ಓಟು. ಪತ್ರಿಕೆಗಳು "ಜೈಂಟ್ ಕಿಲ್ಲರ್" ಅಂದವು. ಒಂದು ವರ್ಷ ಅವರು ದಿಲ್ಲಿಯಲ್ಲಿ ಸಂಸದ, ಇಲ್ಲಿ ನಗರಸೇವಕ, ಎರಡೂ ಆಗಿದ್ದರು.

ಸಾಮಾನ್ಯವಾಗಿ ಈ ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಚುನಾವಣೆಗೆ ನಿಲ್ಲಲು ಹೊರಟವರಿಗೆ ಮುಂದಿನದ್ದೇ ಬೇಕಾದದ್ದು. 1971ರಲ್ಲಿ ಅದೇ ದಕ್ಷಿಣ ಮುಂಬಯಿಯಲ್ಲಿ ಜಾರ್ಜ್ ಸೋತರು. ನಾಲ್ಕೇ ವರ್ಷ! ಇಂದಿರಾ ಗಾಂಧಿಯವರ "ಗರೀಬಿ ಹಟಾವೊ" ಅಲೆ ಒಂದು ಕಾರಣ. 1966ರಲ್ಲಿ ಹುಟ್ಟಿದ ಶಿವಸೇನೆ ಇನ್ನೊಂದು. ಅದು ಮೊದಲು ಬೆರಳು ತೋರಿಸಿದ್ದೇ ನಮ್ಮ ಉಡುಪಿ ಹೋಟೆಲುಗಳ ಕಡೆ, ದಕ್ಷಿಣದಿಂದ ಬಂದ ಗುಮಾಸ್ತರ ಕಡೆ. ಕೆಲಸಗಾರ ಅನ್ನುವ ಗುರುತಿಗಿಂತ ಮರಾಠಿ ಮಾಣುಸ್ ಅನ್ನುವ ಗುರುತು ಚಾಳಗಳಲ್ಲಿ ಜೋರಾಯಿತು. ಪಗಾರ ಜಾಸ್ತಿ ಮಾಡಿಸಲು ಜಾರ್ಜ್ ಬೇಕು, ಓಟಿನ ದಿನ ಬೇರೆ ಲೆಕ್ಕ. ಮೂರನೆಯ ಕಾರಣ ನನ್ನದು, ಯಾರೂ ಒಪ್ಪಬೇಕಿಲ್ಲ: ಅವರು ಅಷ್ಟರಲ್ಲಿ ತಮ್ಮ ಸಂಯುಕ್ತ ಸಮಾಜವಾದಿ ಪಕ್ಷದ ಅಖಿಲ ಭಾರತದ ನಾಯಕರಾಗಿದ್ದರು. ಹಿಂದಿನ ಬಾಗಿಲಿನಿಂದ ಬರಲು ಪುರಸೊತ್ತು ಇರಲಿಲ್ಲ.

ಆಮೇಲೆ ಅವರು ಮುಂಬಯಿಯಿಂದ ಲೋಕಸಭೆಗೆ ಗೆಲ್ಲಲೇ ಇಲ್ಲ. ದಿಲ್ಲಿಯ ಅಧ್ಯಾಯಗಳನ್ನು ಬೇಗ ದಾಟುತ್ತೇನೆ, ಬೇಕಾದಷ್ಟು ಕಡೆ ಸಿಗುತ್ತವೆ. 1974ರ ಮೇ 8ರಿಂದ ಇಪ್ಪತ್ತು ದಿನದ ರೈಲ್ವೆ ಮುಷ್ಕರ. ಮುಂಬಯಿಯಲ್ಲಿ ಕಲಿತ ವಿದ್ಯೆಯನ್ನು ಇಡೀ ದೇಶದ ಮೇಲೆ ಪ್ರಯೋಗಿಸಿದ್ದು. ಸಾವಿರಾರು ಮಂದಿ ಜೈಲಿಗೆ ಹೋದರು, ಮುಷ್ಕರ ಗೆಲ್ಲಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಸಿಖ್ಖರ ವೇಷದಲ್ಲಿ ತಲೆಮರೆಸಿಕೊಂಡದ್ದು, ಸರಕಾರದ ವಿರುದ್ಧ ಸ್ಫೋಟದ ಸಂಚು ಅಂತ ಹಾಕಿದ ಬರೋಡಾ ಡೈನಮೈಟ್ ಕೇಸು, 1976ರ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಬಂಧನ. ಜಾರ್ಜ್ ಎಲ್ಲಿ ಅಂತ ಕೇಳಿ ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್‌ಗೆ ಪೊಲೀಸರು ಕೊಟ್ಟ ಹಿಂಸೆ ಓದಿದರೆ ಇವತ್ತಿಗೂ ಊಟ ಸೇರುವುದಿಲ್ಲ. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಮೂರು ಲಕ್ಷಕ್ಕೂ ಜಾಸ್ತಿ ಅಂತರದ ಗೆಲುವು. ಒಂದು ದಿನವೂ ಪ್ರಚಾರಕ್ಕೆ ಹೋಗಿರಲಿಲ್ಲ. ಕೋಳ ತೊಟ್ಟ ಕೈ ಎತ್ತಿದ ಫೋಟೋವೇ ಪ್ರಚಾರ. ಕೈಗಾರಿಕಾ ಮಂತ್ರಿಯಾದರು. ಕೋಕಾಕೋಲಾ, ಐಬಿಎಂ ಎರಡೂ ದೇಶ ಬಿಟ್ಟು ಹೋದವು.

1979ರ ಒಂದು ಘಟನೆ ಮಾತ್ರ ಬಿಡಲಾರೆ. ಲೋಕಸಭೆಯಲ್ಲಿ ಮೊರಾರ್ಜಿ ಸರಕಾರದ ಪರವಾಗಿ ಭರ್ಜರಿ ಭಾಷಣ ಮಾಡಿದರು, ಅದಾದ ಕೂಡಲೇ ಅದೇ ಸರಕಾರವನ್ನು ಬಿಟ್ಟರು. ಅವರನ್ನು ದೇವರಂತೆ ಕಂಡವರೂ ಆ ದಿನ ತಲೆ ತಗ್ಗಿಸಿದರು. ಅಣ್ಣ ಒಂದು ವಾರ ಪೇಪರ್ ಮುಟ್ಟಲಿಲ್ಲ.

1984ರಲ್ಲಿ ಬೆಂಗಳೂರು ಉತ್ತರದಲ್ಲಿ ಜಾಫರ್ ಷರೀಫರ ಎದುರು ನಿಂತು ಸೋತರು. ನಮ್ಮ ರಾಜ್ಯ ತನ್ನ ಮಗನನ್ನು ಒಂದು ಸಲವೂ ಲೋಕಸಭೆಗೆ ಕಳಿಸಲಿಲ್ಲ. ಮುಂಬಯಿ ಒಂದು ಸಲ, ಉಳಿದದ್ದೆಲ್ಲ ಬಿಹಾರ. ಮುಜಫರ್‌ಪುರ, ನಾಲಂದಾ. ರಕ್ಷಣಾ ಮಂತ್ರಿಯಾಗಿ ಪೋಖ್ರಾನ್, ಕಾರ್ಗಿಲ್ ನೋಡಿದರು. 2001ರಲ್ಲಿ ರಕ್ಷಣಾ ಖರೀದಿಯ ಲಂಚದ ಆರೋಪದ ತೆಹಲ್ಕಾ ಪ್ರಕರಣಕ್ಕೆ ಕುರ್ಚಿ ಬಿಟ್ಟು, ಅದೇ ವರ್ಷ ಮತ್ತೆ ಕೂತರು. 2009ರಲ್ಲಿ ಪಕ್ಷ ಟಿಕೆಟ್ ಕೊಡದೆ, ಪಕ್ಷೇತರನಾಗಿ ಮುಜಫರ್‌ಪುರದಲ್ಲಿ ನಿಂತು ಸೋತರು. 2019ರ ಜನವರಿ 29ರಂದು ತೀರಿಕೊಂಡರು.

ದಿಲ್ಲಿಯಲ್ಲೂ ಅವರಲ್ಲಿ ಹಳೆಯ ನಗರಸೇವಕ ಉಳಿದುಕೊಂಡಿದ್ದ ಅಂತ ನನಗೆ ಅನ್ನಿಸುವುದು ಎರಡು ಕಡೆ. ಒಂದು, ಸಿಯಾಚಿನ್. ಅಲ್ಲಿನ ಸೈನಿಕರಿಗೆ ಬೇಕಾದ ಹಿಮದ ಸ್ಕೂಟರುಗಳ ಫೈಲು ದಿಲ್ಲಿಯಲ್ಲಿ ಕೂತಿತ್ತು. ಫೈಲು ಹಿಡಿದುಕೊಂಡ ಅಧಿಕಾರಿಗಳನ್ನೇ, ಹೋಗಿ ನೋಡಿಕೊಂಡು ಬನ್ನಿ ಅಂತ ಸಿಯಾಚಿನ್‌ಗೆ ಕಳಿಸಿದರು. ನೀರು ಬಾರದ ಚಾಳಕ್ಕೆ ವಾರ್ಡ್ ಆಫೀಸಿನ ಇಂಜಿನಿಯರನ್ನು ಕೈ ಹಿಡಿದು ಎಳೆದುಕೊಂಡು ಹೋಗುವ ಕಾರ್ಪೊರೇಟರ್ ಮಾಡುವುದೂ ಇದನ್ನೇ.

ಇನ್ನೊಂದು, ಕೊಂಕಣ ರೈಲ್ವೆ. 1989ರ ಕೊನೆಗೆ ವಿ.ಪಿ. ಸಿಂಗ್ ಸರಕಾರದಲ್ಲಿ ರೈಲ್ವೆ ಮಂತ್ರಿಯಾದರು. ಹನ್ನೊಂದು ತಿಂಗಳ ಸರಕಾರ ಅದು. ಮುಂಬಯಿಯಿಂದ ಮಂಗಳೂರಿಗೆ ಕರಾವಳಿಗುಂಟ ರೈಲು ಅನ್ನುವುದು ಎಷ್ಟೋ ಹಳೆಯ ಕನಸು. ದುಡ್ಡಿಲ್ಲ ಅಂತ ಮಲಗಿತ್ತು. ಆಗ ಹಣಕಾಸು ಮಂತ್ರಿ ಮಧು ದಂಡವತೆ, ಕೊಂಕಣದ ರಾಜಾಪುರದ ಸಂಸದ. ಯೋಜನಾ ಆಯೋಗದ ಉಪಾಧ್ಯಕ್ಷ ರಾಮಕೃಷ್ಣ ಹೆಗಡೆ, ಉತ್ತರ ಕನ್ನಡದವರು. ಮೂವರೂ ಆ ಹಳಿಯ ಬದಿಯವರೇ. ಇಂಥ ಯೋಗ ನೂರು ವರ್ಷಕ್ಕೊಮ್ಮೆ. ಬಜೆಟಿನ ದಾರಿ ಕಾಯದೆ ಬೇರೆ ನಿಗಮವನ್ನೇ ಮಾಡಿದರು. ಕೇಂದ್ರದ ಪಾಲು ಶೇಕಡ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ಆರಾರು. ಉಳಿದದ್ದನ್ನು ಬಾಂಡ್ ಮಾರಿ ಎತ್ತುವುದು. ನಡೆಸಲು ರೈಲ್ವೆ ಇಂಜಿನಿಯರ್ ಇ. ಶ್ರೀಧರನ್. ಜುಲೈ 1990ರಲ್ಲಿ ನಿಗಮ ಹುಟ್ಟಿತು, ನವೆಂಬರಿನಲ್ಲಿ ಸರಕಾರ ಬಿತ್ತು. ನಿಗಮ ಉಳಿಯಿತು. 1998ರ ಜನವರಿ 26ರಂದು ಇಡೀ ದಾರಿ ಶುರುವಾಯಿತು. ಅದಕ್ಕೆ ಮೊದಲು ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ಘಟ್ಟದ ತಿರುವಿನಲ್ಲಿ ಮಕ್ಕಳು ವಾಂತಿ ಮಾಡುವುದು, ಲಿಂಬೆಹಣ್ಣು ಮೂಸುವುದು. ಈಗ ಮತ್ಸ್ಯಗಂಧ ರೈಲಿನಲ್ಲಿ ಮಧ್ಯಾಹ್ನ ಹತ್ತಿ ಕೂತರೆ ಬೆಳಿಗ್ಗೆ ಊರು.

ನಿಮ್ಮ ದೊಡ್ಡ ಪ್ರಶ್ನೆ. ಆ ದಾರಿ ಈಗಲೂ ಇದೆಯಾ?

ಪಾಲಿಕೆಯಿಂದ ದಿಲ್ಲಿಗೆ ಹೋದವರು ಆಮೇಲೂ ಇದ್ದಾರೆ. ಜಾರ್ಜ್ ಜೊತೆಗೇ 1961ರಲ್ಲಿ ಗೋರೆಗಾಂವ್‌ನಿಂದ ಗೆದ್ದು ಬಂದ ಮೃಣಾಲ್ ಗೋರೆ, ನೀರಿಗಾಗಿ ಹೋರಾಡಿ "ಪಾಣಿವಾಲಿ ಬಾಯಿ" ಅನ್ನಿಸಿಕೊಂಡವರು. 1977ರಲ್ಲಿ ಅವರೂ ಸಂಸದೆ. ಜಾರ್ಜ್ ಪಾಲಿಕೆ ಬಿಟ್ಟ 1968ರಲ್ಲೇ ಒಳಗೆ ಬಂದವರು ಶಿವಸೇನೆಯ ಮನೋಹರ ಜೋಶಿ. ಮೇಯರ್, ಮುಖ್ಯಮಂತ್ರಿ, 2002ರಲ್ಲಿ ಲೋಕಸಭೆಯ ಸ್ಪೀಕರ್. ಹಳೆಯ ಇಬ್ಬರು ನಗರಸೇವಕರು, ಒಬ್ಬರು ಸ್ಪೀಕರ್ ಪೀಠದಲ್ಲಿ, ಇನ್ನೊಬ್ಬರು ರಕ್ಷಣಾ ಮಂತ್ರಿಯ ಜಾಗದಲ್ಲಿ. ನಮ್ಮ ಕಾಲದಲ್ಲಿ ಗೋಪಾಲ ಶೆಟ್ಟಿ: ಬೊರಿವಲಿ ಕಡೆಯ ಕಾರ್ಪೊರೇಟರ್, ಉಪಮೇಯರ್, 2004ರಿಂದ ಎರಡು ಸಲ ಶಾಸಕ, 2014 ಮತ್ತು 2019ರಲ್ಲಿ ಉತ್ತರ ಮುಂಬಯಿಯ ಸಂಸದ. ಎರಡು ಸಲವೂ ನಾಲ್ಕು ಲಕ್ಷ ದಾಟಿದ ಅಂತರ. 2024ರಲ್ಲಿ ಪಕ್ಷ ಆ ಕ್ಷೇತ್ರವನ್ನು ಪೀಯೂಷ್ ಗೋಯಲ್‌ರಿಗೆ ಕೊಟ್ಟಿತು. ಅಲ್ಲಿಗೆ ಏಣಿ ಮುಗಿಯಿತು. ಈಗ ಏಣಿ ಇದೆ, ಆದರೆ ಅದು ಪಕ್ಷದ ಮನೆಯೊಳಗಿನ ಏಣಿ. ತೆಗೆದಿಡುವುದೂ ಅವರೇ. ಜಾರ್ಜ್‌ರದ್ದು ಹೊರಗಿನ ಗೋಡೆಗೆ ಒರಗಿಸಿದ ಏಣಿಯಾಗಿತ್ತು, ಕೆಳಗೆ ಹಿಡಿದುಕೊಂಡವರು ಕೆಲಸಗಾರರು. ಅಂಥ ಯೂನಿಯನ್ನುಗಳು ಈಗ ಇಲ್ಲ. ಗುತ್ತಿಗೆ ಬಂತು, ಗಿರಣಿಗಳು ಮಾಲ್ ಆದವು.

ಕಾನೂನಿನ ವಿಷಯ ನಿಮಗೆ ಬೇಕಾದಷ್ಟು ಹೇಳುತ್ತೇನೆ. ವಯಸ್ಸು 21 ತುಂಬಿರಬೇಕು, ಆ ಪಾಲಿಕೆಯ ಓಟರ್ ಲಿಸ್ಟಿನಲ್ಲಿ ಹೆಸರಿರಬೇಕು. 2001ರ ಸೆಪ್ಟೆಂಬರ್ 12ರ ನಂತರ ಹುಟ್ಟಿದ ಮಗು ಮೂರನೆಯದ್ದಾದರೆ ನಿಲ್ಲುವ ಹಾಗಿಲ್ಲ. ಅರ್ಧ ಸೀಟು ಮಹಿಳೆಯರಿಗೆ. ಯಾವ ವಾರ್ಡು ಯಾರಿಗೆ ಅನ್ನುವುದು ಚೀಟಿ ಎತ್ತಿ ತೀರ್ಮಾನ, ಮರಾಠಿಯಲ್ಲಿ "ಸೋಡತ್". ಐದು ವರ್ಷ ಗಟಾರ ಸುತ್ತಿ ಜನ ಕೂಡಿಸಿದರೂ, ಸೋಡತ್‌ನಲ್ಲಿ ನಿಮ್ಮ ವಾರ್ಡು ನಿಮ್ಮ ಕೈಬಿಟ್ಟು ಹೋಗಬಹುದು. ಆಗ ಹೆಂಡತಿಯನ್ನೋ ಅಕ್ಕನನ್ನೋ ನಿಲ್ಲಿಸುವವರು ಬಹಳ. ಅದು ನನಗೆ ಇಷ್ಟವಿಲ್ಲ, ಆದರೆ ಹಾಗೆ ಬಂದ ಎಷ್ಟೋ ಹೆಂಗಸರು ಆಮೇಲೆ ಗಂಡನನ್ನು ಮನೆಯಲ್ಲಿ ಕೂರಿಸಿ ತಾವೇ ಸಭೆ ನಡೆಸಿದ್ದನ್ನು ನೋಡಿದ್ದೇನೆ. ಇನ್ನೊಂದು, ಮುಂಬಯಿಯಲ್ಲಿ 227 ವಾರ್ಡು, ಒಂದಕ್ಕೆ ಒಬ್ಬರೇ. ನಿಮ್ಮ ಕಲ್ಯಾಣ್ ಡೊಂಬಿವಿಲಿಯಲ್ಲಿ ಪ್ಯಾನೆಲ್ ಪದ್ಧತಿ, ಒಂದು ಪ್ರಭಾಗಕ್ಕೆ, ಅಂದರೆ ವಾರ್ಡಿಗೆ, ಹಲವರು. ಪ್ರಭಾಗ ದೊಡ್ಡದು, ಖರ್ಚು ದೊಡ್ಡದು, ಪಕ್ಷವಿಲ್ಲದವನಿಗೆ ಕಷ್ಟ ಜಾಸ್ತಿ. ಚುನಾವಣೆಯೂ ಸಮಯಕ್ಕೆ ಬರುತ್ತದೆ ಅಂತಿಲ್ಲ. 2022ರ ಮಾರ್ಚಿನಲ್ಲಿ ಮುಂಬಯಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ನಡೆಸಿದರು.

ಸಂಘದ ಕಾರ್ಯಕ್ರಮಗಳಲ್ಲಿ "ನಮ್ಮವರು ಇಷ್ಟು ಸಾವಿರ ಇದ್ದಾರೆ, ಗೆಲ್ಲಿಸಿಬಿಡೋಣ" ಅಂತ ಶಾಲು ಹೊದಿಸುವವರು ನಿಮಗೂ ಸಿಗುತ್ತಾರೆ. ಶಾಲು ತೆಗೆದುಕೊಳ್ಳಿ. ಆದರೆ ಜಾರ್ಜ್ ಮುಂಬಯಿಯಲ್ಲಿ ಮಂಗಳೂರಿನವನಾಗಿ ನಿಲ್ಲಲಿಲ್ಲ. ಅವರ ಯೂನಿಯನ್ನಿನ ದೊಡ್ಡ ಬಲ ಮರಾಠಿ ಮಾತಾಡುವ ಸಫಾಯಿ ಕೆಲಸಗಾರರು. ನಿಮ್ಮ ಪ್ರಭಾಗದಲ್ಲಿ ಬೆಳಿಗ್ಗೆ ಐದಕ್ಕೆ ಕಸದ ಗಾಡಿ ತರುವವರ ಹೆಸರು ನಿಮಗೆ ಗೊತ್ತಾ? ಅವರು ಪಾಲಿಕೆಯ ಪಗಾರದವರೋ, ಗುತ್ತಿಗೆದಾರನವರೋ? ಅವರ ಪಿ.ಎಫ್. ಕಟ್ಟುತ್ತಾರಾ? ಮೊದಲು ಅದನ್ನು ವಿಚಾರಿಸಿಕೊಂಡು ನನಗೆ ಬರೆಯಿರಿ. ಟಿಕೆಟ್ಟಿನ ಮಾತು ಆಮೇಲೆ.

ಮಾವನನ್ನು ಕೇಳಿ ನೋಡಿ, ಮೈದಾ ಅಂಟಿನ ವಿಷಯ ಅವರಿಗೂ ನೆನಪಿರಬಹುದು. ನಮ್ಮ ಅಣ್ಣನ ಹೋಟೆಲಿನಲ್ಲಿ ಅಂಟಿಗೆ ಸ್ವಲ್ಪ ಮೈಲುತುತ್ತ ಹಾಕುತ್ತಿದ್ದರಂತೆ, ಹಸು ಪೋಸ್ಟರ್ ತಿನ್ನದಿರಲಿ ಅಂತ.